ಲಿಫ್ಟಿನ ಬಾಗಿಲಲ್ಲಿ ಪ್ರಾರ್ಥನೆ

"ಉಸಿರು ಕಟ್ಟಿದ ಹಾಗಾಗ್ತಿದೆ ಮಗಳೇ!" ಆಸ್ಪತ್ರೆಯ ಲಿಫ್ಟಿನೊಳಗೆ ಸಿಕ್ಕಿಕೊಂಡ ಅಜ್ಜಿ ಕೂಗಿದಳು. ಹೊರಗೆ ಮುಚ್ಚಿದ ಬಾಗಿಲ ಮುಂದೆ ಮಂಡಿಯೂರಿದ್ದ ಲಿಫ್ಟ್ ಇಂಜಿನಿಯರ್, "ಇಲ್ಲೇ ಇದ್ದೀನಿ ಅಜ್ಜಿ, ಎಲ್ಲೂ ಹೋಗಲ್ಲ," ಎಂದಳು. ಮೇಲಿನ ಯಂತ್ರದ ಕೋಣೆಯಲ್ಲಿ ಮೆಕ್ಯಾನಿಕ್ ಬ್ರೇಕ್ ಸಡಿಲಿಸುತ್ತಿದ್ದ. ಪಕ್ಕದಲ್ಲಿ ಸ್ಪೀಕರ್ ಹಾಕಿಟ್ಟ ಫೋನಿನಲ್ಲಿ ಅವನಿಗೆ, "ನಿಧಾನ, ಇನ್ನೊಂದು ಗೇಣು ಇಳಿಸಪ್ಪ," ಎಂದಳು.

"ಪ್ರಾರ್ಥನೆ ಮಾಡೋಕೆ ಬರುತ್ತಾ ನಿಂಗೆ?" ಅಜ್ಜಿ ಒಳಗಿನಿಂದ ಬಾಗಿಲು ಬಡಿಯುತ್ತ ಕೇಳಿದಳು.

ಇಂಜಿನಿಯರ್ ತಬ್ಬಿಬ್ಬಾದಳು. ಭಾನುವಾರಗಳಂದು ಅವಳು ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದ ಸಂಗತಿ ಕಂಪನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಆಡಿಕೊಳ್ಳುತ್ತಾರೆಂಬ ಅಳುಕು. ದೇವರ ಸೇವೆಗೆ ಹೋಗಬೇಕಾದರೆ ಈ ಕೆಲಸ ಬಿಡಲೇಬೇಕು ಎಂದುಕೊಂಡು ಎಷ್ಟೋ ದಿನದಿಂದ ಒಳಗೊಳಗೇ ಬೇಯುತ್ತಿದ್ದಳು. ಆದರೆ ಅಜ್ಜಿ ಬಿಕ್ಕುವುದು ಕೇಳಿಸಿದಾಗ ಅದೆಲ್ಲ ಮರೆತೇಹೋಯಿತು. ಬಾಗಿಲಿಗೆ ಅಂಗೈ ಒತ್ತಿ ಗಟ್ಟಿಯಾಗಿ ಶುರುಮಾಡಿದಳು: "ಕರ್ತನೇ, ಈ ತಾಯಿಯ ಹೆದರಿಕೆ ನೀಗಿಸು. ನಮ್ಮ ಕೈಯ ಕೆಲಸ ಸಸೂತ್ರವಾಗಿ ನಡೆಸಿಕೊಡು..." ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಲಿಫ್ಟಿನ ನೆಲ ಸಮಕ್ಕೆ ಬಂದದ್ದು ಕಂಡಿತು. "ಸಾಕು ಸಾಕು, ನಿಲ್ಲಿಸು!"

"ಅಯ್ಯೋ, ದೇವರಿಗೇ ನಿಲ್ಲಿಸು ಅಂತೀಯಲ್ಲೇ!" ಒಳಗಿನಿಂದ ಅಜ್ಜಿ ಗದರಿದಳು.

ಫೋನಿನಿಂದ ಮೆಕ್ಯಾನಿಕ್‌ನ ಗಂಭೀರ ದನಿ ಬಂತು: "ನಿಲ್ಲಿಸಿದೆ ಮೇಡಂ. ಆಮೆನ್."

ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ, ಆಡಿಕೊಂಡಿರಲಿಲ್ಲ. ಅವಳಿಗೆ ನಗು ಉಕ್ಕಿತು, ಹಿಂದೆಯೇ ಕಣ್ಣೀರೂ. ದೇವರ ಸೇವೆಗೆಂದು ಈ ಕೆಲಸ ಬಿಡಬೇಕಾಗಿರಲಿಲ್ಲ; ಆ ಸೇವೆ ಇಲ್ಲೂ ನಡೆದಿತ್ತು. ಎದೆ ಹಗುರಾಗಿ, ಕೀಲಿ ತಿರುಗಿಸಿ ಬಾಗಿಲು ಸರಿಸಿದಳು. ಅಜ್ಜಿ ಎರಡೂ ಕೈ ಚಾಚಿ ಅವಳನ್ನು ತಬ್ಬಿಕೊಂಡಳು.