ನಿಂತ ಫ್ಯಾನು

ಕಡ್ಡಿ ಗೀರುವ ಮೊದಲು ಯಲ್ಲವ್ವ ತಲೆಯೆತ್ತಿ, ಸೊರಡಿ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಫ್ಯಾನುಗಳನ್ನು ನೋಡಿದಳು. ಎಲ್ಲವೂ ರೆಕ್ಕೆ ಚಾಚಿಕೊಂಡು ಸುಮ್ಮನೆ ನಿಂತಿದ್ದವು. ಗಾಳಿ ಮೊದಲು ಗುಡ್ಡದ ಮೇಲೆ ಫ್ಯಾನು ತಿರುಗಿಸಿ, ಆಮೇಲೆ ತಗ್ಗಿನ ಹೊಲಕ್ಕೆ ಇಳಿಯುತ್ತಿತ್ತು. ಫ್ಯಾನು ನಿಂತಿದ್ದರೆ ಬೆಂಕಿ ಹಚ್ಚಲು ಭಯವಿಲ್ಲ. ಅವು ಬಂದಾಗಿನಿಂದ ಊರವರೆಲ್ಲ ಹಾಗೇ ನೋಡಿಕೊಂಡು ಕಸ ಸುಡುತ್ತಿದ್ದರು. ಜೋಳದ ಕೂಳೆಗೆ ಉರಿ ಹತ್ತಿತು. ಹೊಲದ ಆಚೆ ತುದಿಯಲ್ಲಿ, ಮುಳ್ಳುಬೇಲಿಯ ಹಟ್ಟಿಯೊಳಗೆ ಅವಳ ಕುರಿಮರಿಗಳು ಮಲಗಿದ್ದವು.

ಫ್ಯಾನಿನ ಕಾವಲುಗಾರ ಮಹಾಂತ ಗುಡ್ಡದಿಂದ ಕೈಬೀಸುತ್ತ ಓಡಿ ಬಂದ. "ಯಲ್ಲವ್ವಕ್ಕಾ, ಲಗೂನ ಆರಿಸ ಬೇ! ಮ್ಯಾಲೆ ಗಾಳಿ ಭಾಳ ಐತಿ!"

"ಫ್ಯಾನ ನಿಂತಾವಲ್ಲೋ ತಮ್ಮಾ?"

"ನಾವ ಬಂದ್ ಮಾಡೇವಿ. ಕರೆಂಟ್ ಭಾಳ ಆಗೇತಿ, ಒಯ್ಯಾಕ ತಂತಿ ಸಾಲಂಗಿಲ್ಲಂತ. ಮ್ಯಾಲಿಂದ ಆರ್ಡರ್ ಬಂತು."

ಈ ಗಾಳಿಯೊಂದಿದ್ದರೆ ದೇಶ ಎಣ್ಣೆಗೂ ಕಲ್ಲಿದ್ದಲಿಗೂ ಪರದೇಶದ ಮುಂದೆ ಕೈಯೊಡ್ಡಬೇಕಿಲ್ಲ ಎಂದು ಉದ್ಘಾಟನೆಯ ದಿನ ದೊಡ್ಡ ಸಾಹೇಬರು ಹೇಳಿದ್ದರು. ಅವರಿಗೆ ಆರತಿ ಬೆಳಗಿದವಳೇ ಯಲ್ಲವ್ವ. ಯಾರಿಗೂ ಬೇಡವಾದ ಆ ಗಾಳಿ ಈಗ ಗುಡ್ಡವಿಳಿದು ಬಂದು ಅವಳ ಸೆರಗು ಹಾರಿಸಿತು. ಅವಳು ಜಾಲಿಯ ಟೊಂಗೆಯಿಂದ ಉರಿಯನ್ನು ಬಡಿದಳು. ಮಹಾಂತ ಅಂಗಿ ಬಿಚ್ಚಿ ಬಡಿದ. ಉರಿ ಇಬ್ಬರನ್ನೂ ದಾಟಿಕೊಂಡು ಮುಳ್ಳುಬೇಲಿಯನ್ನು ಹಿಡಿಯಿತು.

ಹಟ್ಟಿಯೊಳಗೆ ಮರಿಗಳು ಒಮ್ಮೆಲೇ ಒದರತೊಡಗಿದವು. ಗುಡ್ಡದ ಮೇಲೆ ಒಂದು ರೆಕ್ಕೆಯೂ ಅಲುಗಲಿಲ್ಲ.