ತೊಳೆಯದ ಬ್ರಷ್ಷು

“ಅಕ್ಕಾ, ಈ ಸಿಂಕು ಯಾರು ತೊಳೆದಿದ್ದು?”

ಸಂಶೋಧಕಿ ಮೇಡಂ ಖಾಲಿ ಸೀಸೆ ಹಿಡಿದು ನಿಂತಿದ್ದರು. ಪ್ರಯೋಗಾಲಯದ ಮೂಲೆಯ ಸಿಂಕು ಫಳಫಳ ಹೊಳೆಯುತ್ತಿತ್ತು. ಹನ್ನೊಂದು ವರ್ಷದಿಂದ ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ, ಒದ್ದೆ ಕೈ ಒರೆಸಿಕೊಂಡು ಹೊಗಳಿಕೆಗೆ ಕಾದಳು.

“ನಾನೇ ಮೇಡಂ. ಸಿಂಕಿನ ಪೈಪಲ್ಲಿ ವೈರಸ್ ಇದೆ ಅಂತ ನಿನ್ನೆ ಕೂಗಿದ್ರಲ್ಲ, ನನ್ನೆದೆ ಧಸಕ್ಕಂತು. ಚೆನ್ನಾಗಿ ಉಜ್ಜಿ, ಒಂದು ಬಾಟ್ಲಿ ಬ್ಲೀಚ್ ಪೂರ್ತಿ ಸುರಿದೆ. ಇನ್ನು ಅದರ ಪೀಡೆ ಇಲ್ಲ ಬಿಡಿ.”

ಮೇಡಂ ಸ್ಟೂಲಿನ ಮೇಲೆ ಕುಸಿದರು. “ಅಯ್ಯೋ ಅಕ್ಕಾ, ಅದು ನಮ್ಮ ಕಡೆಯ ವೈರಸ್ಸು! ಯಾವ ಔಷಧಿಗೂ ಜಗ್ಗದ ಬ್ಯಾಕ್ಟೀರಿಯಾನ ತಿಂದು ಹಾಕೋದು. ಎರಡು ವರ್ಷದಿಂದ ಅದಕ್ಕೇ ಊರಿನ ಮೋರಿಯೆಲ್ಲ ಜಾಲಾಡಿದ್ದೆ.”

“ನಿನ್ನೆ ತಟ್ಟೇಲಿ ಬೆಳೆಸಿದ್ರಲ್ಲ?”

“ಖುಷಿಗೆ ಕುಣಿದೆ ನೋಡಿ, ತಟ್ಟೆ ಕೈಜಾರಿ ನಿಮ್ಮ ಫಿನಾಯಿಲ್ ಬಕೆಟ್ಟಿಗೇ ಬಿತ್ತು. ಅದಕ್ಕೇ ಈ ಸೀಸೇಲಿ ಮತ್ತೆ ಪೈಪಿನ ನೀರು ಹಿಡಿಯೋಕೆ ಬಂದೆ.”

ಅಕ್ಕನಿಗೆ ಹೇಳಬೇಕಾದ ಮಾತೊಂದಿತ್ತು. ಹೇಳಿದರೆ ಹನ್ನೊಂದು ವರ್ಷದ ಹೆಸರು ಮಣ್ಣುಪಾಲು. ಆದರೆ ಮೇಡಂ ಮುಖ ನೋಡಲಾಗಲಿಲ್ಲ.

“ಬೈಬಾರದು ಮೇಡಂ... ಬ್ಲೀಚ್ ಹಾಕೋ ಮೊದಲು ಬರೀ ನೀರಲ್ಲಿ ಪೈಪಿನೊಳಗೂ ಉಜ್ಜಿದ್ದೆ. ಆ ಬ್ರಷ್ಷು... ಮನೆಗೆ ಹೊರಡೋ ಹೊತ್ತಾಗಿತ್ತು. ತೊಳೀದೆ ಕವರಲ್ಲಿ ಸುತ್ತಿ ಬೀರು ಹಿಂದೆ ತುರುಕಿಬಿಟ್ಟೆ. ಯಾವತ್ತೂ ಹಾಗೆ ಮಾಡಿದೋಳಲ್ಲ, ನಿಮ್ಮಾಣೆ!”

ಆಣೆ ಮುಗಿಯುವ ಮೊದಲೇ ಮೇಡಂ ಕೈಗವಸು ಏರಿಸಿ ಬೀರುವಿನ ಹಿಂದೆ ತೋಳು ತೂರಿಸಿದ್ದರು. ಕಪ್ಪು ಲೋಳೆ ಮೆತ್ತಿ ಗಬ್ಬು ನಾರುತ್ತಿದ್ದ ಬ್ರಷ್ಷನ್ನು ಆಗತಾನೇ ಹುಟ್ಟಿದ ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು.

“ಅಕ್ಕಾ, ನೀವು ಸೋಮಾರಿಯಾಗಿದ್ದು ಅದೊಂದೇ ದಿನವಾ?”

“ಅದೊಂದೇ ದಿನ, ಮೇಡಂ.”

“ಎಂಥಾ ದಿನ ನೋಡಿ ಆರಿಸಿಕೊಂಡಿರಿ!”

ಮರುದಿನ, ಬ್ರಷ್ಷಿನ ಲೋಳೆ ಬೆರೆಸಿದ ಹೊಸ ತಟ್ಟೆಯಲ್ಲಿ ಹರಡಿದ್ದ ಬ್ಯಾಕ್ಟೀರಿಯಾದ ಮಬ್ಬು ಪದರದ ತುಂಬ ಸಾಸಿವೆ ಗಾತ್ರದ ತಿಳಿ ತೂತುಗಳು. ವೈರಸ್ಸು ಮೇದು ಮುಗಿಸಿದ ಜಾಗಗಳು. ಈ ಸಲ ಮೇಡಂ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುಣಿದರು. ಅಕ್ಕ ಮುಂಚೆಯೇ ಬಕೆಟ್ಟನ್ನು ಹೊರಗಿಟ್ಟು ಬಂದಿದ್ದಳು.

ಬ್ರಷ್ಷು ಈಗ ಫ್ರಿಜ್ಜಿನೊಳಗೆ, ಗಾಜಿನ ಜಾಡಿಯಲ್ಲಿದೆ. ಮೇಲೆ ‘ತೊಳೆಯಬಾರದು’ ಎಂಬ ಚೀಟಿ. ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಅಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಆ ಕೊಳೆಯನ್ನು ಕಣ್ತುಂಬ ನೋಡುತ್ತಾಳೆ.