ಕೂಳೆಯಲ್ಲಿ ಬಾಣಂತನ

ಗದ್ದೆಯ ಕೂಳೆ ಸುಡಲು ಗಡಿಗೆಪ್ಪ ಕಡ್ಡಿ ಗೀರಬೇಕು ಅನ್ನುವಷ್ಟರಲ್ಲಿ ಅವನ ಹೆಂಡತಿ ಹಂಪಮ್ಮ ಓಡಿಬಂದು ಗದ್ದೆಯ ನಡುವೆ ನಿಂತುಬಿಟ್ಟಳು.

"ಈ ಕಡಿ ಬಾ! ಸುಟ್ಟುಕೋತೀ ಏನು?"

"ಬರಂಗಿಲ್ರಿ. ನಮ್ಮ ರಂಗಿ ಮರಿ ಹಾಕ್ಯಾಳ. ಮನಿಯಾಗ ಎಲ್ಲೂ ಕಾಣವಲ್ಲವು. ಮುಂಜಾನಿ ಆಕಿ ಈ ಕೂಳಿಯಾಗ ಹೊಕ್ಕಿದ್ದು ನಾನ ನೋಡೀನಿ."

ರಂಗಿ ಅಂದರೆ ಮನೆಯ ಬೆಕ್ಕು. ಗಡಿಗೆಪ್ಪನ ಹಾಲನ್ನು ಅವನಿಗಿಂತ ಮೊದಲು ರುಚಿ ನೋಡುವ ಮಹಾತಾಯಿ. ಗಡಿಗೆಪ್ಪ ಹಣೆ ಚಚ್ಚಿಕೊಂಡ. ಮಷಿನ್ ಭತ್ತ ಕೊಯ್ದು ಹೋಗಿ, ಉಳಿದ ಕೂಳೆ ಒಣಗಿ ಗರಿಗರಿಯಾಗಿತ್ತು. ಪಕ್ಕದ ಹೊಲದ ಮಲ್ಲೇಶ ಆಗಲೇ ಸುಟ್ಟು, ಎರಡನೇ ಬೆಳೆಗೆ ಕಾಲುವೆ ನೀರನ್ನೂ ಹಾಯಿಸಿದ್ದ. ತಾನೊಬ್ಬನೇ ಬೆಕ್ಕಿನ ಬಾಣಂತನಕ್ಕೆ ಕಾಯಬೇಕೆ? ಆದರೆ ನಾಲ್ಕೂ ಬದುವಿನಿಂದ ಒಮ್ಮೆಗೇ ಬೆಂಕಿ ಇಡುವುದು ಅವನ ಪದ್ಧತಿ. ನಡುವೆ ಸಿಕ್ಕ ಜೀವಕ್ಕೆ ದಾರಿಯೇ ಇರುವುದಿಲ್ಲ.

"ನಾ ಹಾಲು ತರ್ತೀನಿ, ವಾಸನಿಗೆ ಬರ್ತಾಳ. ಅಲ್ಲಿತನಕ ನೀವು ಹುಡುಕ್ರಿ," ಎಂದ ಹಂಪಮ್ಮ ಕಡ್ಡಿಪೆಟ್ಟಿಗೆ ಕಸಿದುಕೊಂಡೇ ಮನೆಗೆ ಹೋದಳು.

ಗಡಿಗೆಪ್ಪ ಧೋತರ ಎತ್ತಿಕಟ್ಟಿ, ಅಂಬೆಗಾಲಿಟ್ಟು, "ಮ್ಯಾಂವ್, ಮ್ಯಾಂವ್" ಎನ್ನುತ್ತ ತನ್ನದೇ ಗದ್ದೆಯೊಳಗೆ ನುಗ್ಗಿದ. ಬದುವಿನ ಮೇಲಿದ್ದ ಮಲ್ಲೇಶ ಬಿದ್ದು ಬಿದ್ದು ನಕ್ಕ.

"ಏನರ ಕಳಕೊಂಡಿಯೇನೋ ಯಣ್ಣಾ?"

"ಮಾನ ಕಳಕೊಂಡೀನಿ, ನಡೀಲೇ!"

ಮೊದಲು ಒಂದು ಕೇರೆಹಾವು ಎದುರಾಯಿತು. ಇಬ್ಬರೂ ಮರ್ಯಾದೆಯಿಂದ ಪಕ್ಕಕ್ಕೆ ಸರಿದರು. ಮುಂದೆ ಮೊಲದ ಮರಿಯೊಂದು ಕಿವಿ ಮಡಚಿ ಮುದುಡಿಕೊಂಡಿತ್ತು. ಅದರಾಚೆ ಕೌಜುಗದ ಹಕ್ಕಿ ಕಾವಿಗೆ ಕೂತಿತ್ತು. ಗಡಿಗೆಪ್ಪನ ಮೂಗು ಗೇಣು ದೂರಕ್ಕೆ ಬಂದರೂ ಅದು ಹಾರಲಿಲ್ಲ. ಹೆದರಿ ನಡುಗುತ್ತಿದ್ದರೂ ತತ್ತಿ ಬಿಟ್ಟು ಕದಲಲಿಲ್ಲ. ಬೆಂಕಿ ಬಂದಿದ್ದರೂ ಇದು ಏಳುತ್ತಿರಲಿಲ್ಲ ಎಂದು ಹೊಳೆದಾಗ ಅವನು ಸದ್ದು ಮಾಡದೆ ಅಲ್ಲೇ ಹೊಟ್ಟೆಯೂರಿ ಮಲಗಿಬಿಟ್ಟ.

ಅಷ್ಟರಲ್ಲಿ ಹಂಪಮ್ಮ ಬದುವಿನಿಂದಲೇ ಕೂಗಿದಳು.

"ಸಿಕ್ಕಾವ್ರೀ! ಅಟ್ಟದ ಮ್ಯಾಲ, ನಿಮ್ಮ ಹೊಸಾ ರುಮಾಲಿನಾಗ ಮಲಗ್ಯಾವ! ರಂಗಿನೂ ಅಲ್ಲೇ ಅದಾಳ. ತಗೋರಿ ಕಡ್ಡಿಪೆಟ್ಟಿಗಿ."

ಮಲಗಿದಲ್ಲಿಂದಲೇ ಗಡಿಗೆಪ್ಪ ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಕ ಮಾತಾಡು. ಈ ಸಲ ಸುಡೂದು ಬ್ಯಾಡ. ಕೈಲೆ ಕೊಯ್ಸಿ ದನಕ್ಕ ಹಾಕಾಮು, ಅದೂ ಸ್ವಲ್ಪ ದಿನ ತಡದು."

"ಯಾಕ್ರೀ? ಮರಿ ಸಿಕ್ಕಾವಲ್ಲ?"

"ನಿನ್ನವು ಸಿಕ್ಕಾವ. ನನ್ನವು ಇನ್ನಾ ತತ್ತಿ ಒಡದು ಹೊರಗ ಬಂದಿಲ್ಲ."